ಧಾರೆಯೋ, ಮಂತ್ರಮಾಂಗಲ್ಯವೋ?

ಹಾಸನದ ಕಡೆ ಮದುವೆ ಮಾತು ಶುರುವಾದರೆ ಮೊದಲು ಛತ್ರದ ಬಾಡಿಗೆ ಕೇಳುತ್ತಾರೆ. ಆ ಶಾಸ್ತ್ರ ಗಂಡಿಗೆ ಏನು ಹೇಳುತ್ತದೆ, ಹೆಣ್ಣಿಗೆ ಏನು ಹೇಳುತ್ತದೆ ಅಂತ ಯಾರೂ ಕೇಳುವುದಿಲ್ಲ.

ವೈದಿಕ ಮದುವೆಯಲ್ಲಿ ಅಪ್ಪ ಕನ್ಯಾದಾನ ಮಾಡುತ್ತಾನೆ. ಕೊಡುವವನು ಗಂಡು, ಪಡೆಯುವವನೂ ಗಂಡು. ಆದರೆ ಸಪ್ತಪದಿ ಬೇರೆ ಥರ. ಏಳನೇ ಹೆಜ್ಜೆಯಲ್ಲಿ ಇಬ್ಬರೂ ಸ್ನೇಹಿತರಾಗುತ್ತಾರೆ. ಇದು ನನಗೂ ಇಷ್ಟ.

ಇಷ್ಟವಾಗದ್ದು ಸಕಲೇಶಪುರದ ಒಂದು ಮದುವೆಯಲ್ಲಿ ಕಂಡೆ. ಹುಡುಗಿಯನ್ನು ಒಬ್ಬಳೇ ಸಾಕಿದ ತಾಯಿ ಕಂಬದ ಹಿಂದೆ ನಿಂತಿದ್ದರು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು. ಗಿಂಡಿ ಹಿಡಿದು ಧಾರೆ ಎರೆದದ್ದು ಚಿಕ್ಕಪ್ಪ, ಚಿಕ್ಕಮ್ಮ. ವಿಧವೆ ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ ಅಲ್ವಾ?

ಕುವೆಂಪು ರೂಪಿಸಿದ ಮಂತ್ರಮಾಂಗಲ್ಯದಲ್ಲಿ ಪುರೋಹಿತರಿಲ್ಲ, ದಾನವಿಲ್ಲ, ವರದಕ್ಷಿಣೆ ಇಲ್ಲ. ಹೆಂಡತಿ ಗಂಡನ ಅಧೀನಳಲ್ಲ, ಅವನಷ್ಟೇ ಸ್ವತಂತ್ರಳು ಅಂತ ಎಲ್ಲರೆದುರು ಗಟ್ಟಿಯಾಗಿ ಓದುತ್ತಾರೆ. ದೇವರನ್ನು ಬಿಟ್ಟ ಮದುವೆ ಅಂದುಕೊಳ್ಳಬೇಡಿ, ಉಪನಿಷತ್ತಿನ ಮಾತುಗಳೂ ಅದರಲ್ಲಿವೆ. ಖರ್ಚೂ ಕಡಿಮೆ. ಕಷ್ಟ ಅಂದರೆ ಅಜ್ಜಿಯರನ್ನು ಒಪ್ಪಿಸುವುದು.

ಯಾವುದೇ ಶಾಸ್ತ್ರ ಬೇಡವೆಂದರೆ 1954ರ ವಿಶೇಷ ವಿವಾಹ ಕಾಯ್ದೆ ಇದೆ. 30 ದಿನ ಮೊದಲೇ ನೋಟಿಸ್ ಕೊಡಬೇಕು.

ಮನೆಯವರು ಧಾರೆಯೇ ಬೇಕು ಅಂತ ಹಟ ಹಿಡಿದರೆ ಸುಮ್ನೆ ಜಗಳ ಬೇಡ. ಪುರೋಹಿತರ ಹತ್ತಿರ ಮೊದಲೇ ಕೂತು ಮಾತಾಡಿ. ತಾಯಿಯೇ ಧಾರೆ ಎರೆಯಲು ಒಪ್ಪುವವರೂ ಇದ್ದಾರೆ. ಒಪ್ಪದಿದ್ದರೆ ನಾನಾದರೆ ಮಂತ್ರಮಾಂಗಲ್ಯವನ್ನೇ ಆರಿಸಿಕೊಳ್ಳುತ್ತೇನೆ. ಯಾವುದಾದರೂ ಸರಿ, ನೋಂದಣಿ ಮಾತ್ರ ಮರೀಬೇಡಿ.