ಹಳೆಯ ಜಪಾನಿ ಮ್ಯಾಂಡೊಲಿನ್ ಕೊಳ್ಳುವವರು ಲೇಬಲ್ಲನ್ನು ಪೂರ್ತಿ ಓದಿಸಿಕೊಳ್ಳಿ

ಜಪಾನಿನಿಂದ ಹಳೆಯ ಮ್ಯಾಂಡೊಲಿನ್ ತರಿಸಿಕೊಳ್ಳಬೇಕೆಂದಿರುವವರು, ಮಾರುವವರೇ ಬರೆದುಕೊಡುವ ‘ಮೂಲ ದೃಢೀಕರಣ ಪತ್ರ’ಕ್ಕೆ ಪ್ರತ್ಯೇಕವಾಗಿ ಹಣ ತೆರುವ ಮುನ್ನ ಇದನ್ನು ಓದಬೇಕೆಂದು ವಿನಂತಿ. ಹಳೆಯ ವಾದ್ಯಗಳ ವ್ಯಾಪಾರಿಯೊಬ್ಬರು ನನಗೆ ಬೆಂಗಳೂರಿಗೆ ಕಳುಹಿಸಿದ ವಾದ್ಯವು, ಅವರ ಪತ್ರದ ಪ್ರಕಾರ, ನಗೋಯಾದ ಹೆಸರಾಂತ ಪಿಟೀಲು ತಯಾರಕ ಮಸಾಕಿಚಿ ಸುಜುಕಿಯವರು 1945ರಲ್ಲಿ ಸ್ವತಃ ತಮ್ಮ ಕೈಯಿಂದ ಮಾಡಿದ್ದಾಗಿತ್ತು. ಯುದ್ಧಕಾಲದ ಅಪರೂಪದ ವಸ್ತುವೆಂದು ಬೆಲೆಯನ್ನೂ ಅದಕ್ಕೆ ತಕ್ಕಂತೆ ಏರಿಸಿದ್ದರು.

ಮಸಾಕಿಚಿಯವರು 1887ರಲ್ಲಿ ಪಿಟೀಲು ತಯಾರಿಕೆ ಆರಂಭಿಸಿದ್ದು ನಿಜ. ಆದರೆ ಅವರು 1944ರಲ್ಲೇ ತೀರಿಕೊಂಡಿದ್ದರು. 1945ರಲ್ಲಿ ನಗೋಯಾ ಬಾಂಬ್ ದಾಳಿಗಳಿಗೆ ಸಿಕ್ಕಿ, ಮೇ ತಿಂಗಳಲ್ಲಿ ಆ ಊರಿನ ಕೋಟೆಯೇ ಸುಟ್ಟುಹೋಗಿತ್ತು. ಪತ್ರ ಬರೆದವರಿಗೆ ಇಷ್ಟನ್ನು ನೋಡಿಕೊಳ್ಳುವ ವ್ಯವಧಾನವೂ ಇರಲಿಲ್ಲ.

ಜಾಹೀರಾತಿನ ಚಿತ್ರದಲ್ಲಿ, ತಂತಿಗಳ ಕೆಳಗಿನ ನಾದರಂಧ್ರದ (ದನಿ ಹೊರಬರುವ ತೂತಿನ) ಮೂಲಕ ಕಾಣುವ ವಾದ್ಯದ ಒಳಗಿನ ಲೇಬಲ್ಲಿನ ಒಂದು ಮೂಲೆಯೂ ಅದರಲ್ಲಿದ್ದ ‘45’ ಎಂಬ ಅಂಕಿಯೂ ಮಾತ್ರ ಕಾಣುತ್ತಿದ್ದವು. ಪೂರ್ತಿ ಚಿತ್ರ ಕೇಳಿದ್ದಕ್ಕೆ, ತಂತಿ ಸಡಿಲಿಸಿದರೆ ಹಳೆಯ ಮರಕ್ಕೆ ಅಪಾಯವೆಂಬ ಉತ್ತರ ಬಂದಿತ್ತು. ವಾದ್ಯ ಕೈಸೇರಿದ ಮೇಲೆ ತಂತಿಗಳನ್ನು ಸಡಿಲಿಸಿ, ಟಾರ್ಚ್ ಬೆಳಕಿನಲ್ಲಿ ಮೊಬೈಲಿನಿಂದ ಲೇಬಲ್ಲಿನ ಚಿತ್ರ ತೆಗೆದು ಜಪಾನಿ ಬಲ್ಲ ಸ್ನೇಹಿತರಿಂದ ಓದಿಸಿದಾಗ, 45ರ ಹಿಂದೆ ‘ಶೋವಾ’ ಎಂದಿರುವುದು ತಿಳಿಯಿತು. ಶೋವಾ ಎಂಬುದು ಜಪಾನಿನ ಚಕ್ರವರ್ತಿ ಹಿರೊಹಿಟೊ ಅವರ ಆಳ್ವಿಕೆಯ ಶಕೆ; ಅದರ ಮೊದಲ ವರ್ಷ 1926 ಆದ್ದರಿಂದ ಶೋವಾ ವರ್ಷಕ್ಕೆ 1925 ಕೂಡಿಸಬೇಕು. ಅಂದರೆ ಇದು 1970ರ ವಾದ್ಯ. ವಿಳಾಸದ ಜೊತೆ ಮೂರಂಕಿಯ ಅಂಚೆ ಸಂಖ್ಯೆಯೂ ಅಚ್ಚಾಗಿತ್ತು. ಜಪಾನಿನಲ್ಲಿ ಅಂಚೆ ಸಂಖ್ಯೆ ಜಾರಿಗೆ ಬಂದದ್ದೇ 1968ರ ಜುಲೈನಲ್ಲಿ, ಅದು ಏಳಂಕಿಯಾದದ್ದು 1998ರಲ್ಲಿ; ಹೀಗಾಗಿ ಶಕೆಯ ಹೆಸರು ಅಳಿಸಿಹೋಗಿದ್ದರೂ ಆ ಮೂರು ಅಂಕಿಗಳೇ ಸಾಕ್ಷಿಯಾಗುತ್ತಿದ್ದವು.

ಸುಜುಕಿ ಎಂಬ ಹೆಸರೊಂದನ್ನೇ ನೆಚ್ಚುವಂತಿಲ್ಲ. ನಗೋಯಾದಲ್ಲಿ ಮಸಾಕಿಚಿಯವರು ಕಟ್ಟಿದ ಪಿಟೀಲು ಕಂಪನಿ ಬೇರೆ, ನಾಗಾನೊ ಪ್ರಾಂತ್ಯದ ಕಿಸೊ ಸುಜುಕಿ ಎಂಬ ವಾದ್ಯ ಕಂಪನಿ ಬೇರೆ, ಹಾರ್ಮೋನಿಕಾ ಮಾಡುವ ಹಮಾಮತ್ಸುವಿನ ಸುಜುಕಿ ಬೇರೆ. ಮಕ್ಕಳಿಗೆ ಪಿಟೀಲು ಕಲಿಸುವ ವಿಧಾನದಿಂದ ಪ್ರಸಿದ್ಧರಾದ ಶಿನಿಚಿ ಸುಜುಕಿಯವರು ಮಸಾಕಿಚಿಯವರ ಮಗ. ಬ್ರಾಂಡ್ ಹೆಸರಿನಿಂದಲೂ ತಯಾರಕರು ಸಿಗುತ್ತಾರೆಂದಿಲ್ಲ. ‘ಏರಿಯಾ’ (Aria) ಎಂಬ ಜಪಾನಿ ಬ್ರಾಂಡಿನ ಎಷ್ಟೋ ವಾದ್ಯಗಳು ಮತ್ಸುಮೊಟೊ ಊರಿನ ಮತ್ಸುಮೊಕು ಕಾರ್ಖಾನೆಯಲ್ಲಿ ತಯಾರಾದವು. ಮೇಜಿ ವಿಶ್ವವಿದ್ಯಾಲಯದಲ್ಲಿ 1923ರಲ್ಲೇ ಮ್ಯಾಂಡೊಲಿನ್ ಕ್ಲಬ್ ಹುಟ್ಟಿದ ಆ ದೇಶದಲ್ಲಿ ವಿದ್ಯಾರ್ಥಿಗಳಿಗೆಂದು ಮಾಡಿದ ವಾದ್ಯಗಳು ಧಾರಾಳವಾಗಿವೆ. ನನ್ನದೂ ಅಂಥದ್ದೇ: ನಾದರಂಧ್ರದ ಅಂಚಿನಲ್ಲಿ ಮೇಲ್ಹಲಗೆಯ ಅಗ್ಗದ ಪ್ಲೈವುಡ್ ಪದರಗಳು ಬರಿಗಣ್ಣಿಗೇ ಕಾಣುತ್ತವೆ. ದನಿ ಕೆಟ್ಟದ್ದೇನಲ್ಲ, ವಿದ್ಯಾರ್ಥಿ ವಾದ್ಯದ ಬೆಲೆಗೆ ಕೊಟ್ಟಿದ್ದರೆ ನನ್ನ ತಕರಾರೇ ಇರುತ್ತಿರಲಿಲ್ಲ.

ಹಣ ಹಿಂದಿರುಗಿಸುವಂತೆ ಬರೆದಾಗ, ಪತ್ರವು ‘ಅಭಿಪ್ರಾಯ ಮಾತ್ರ’ ಎಂದು ವ್ಯಾಪಾರಿ ಕೈತೊಳೆದುಕೊಂಡರು. ಪತ್ರದ ಶುಲ್ಕವನ್ನು ಮಾರಾಟ ತಾಣದ ಹೊರಗೆ ಕಟ್ಟಿಸಿಕೊಂಡಿದ್ದರಿಂದ ಆ ತಾಣದವರು ಅದರ ದೂರನ್ನು ದಾಖಲಿಸಿಕೊಳ್ಳಲೇ ಇಲ್ಲ. ಆದ್ದರಿಂದ ಪೂರ್ತಿ ಹಣವನ್ನು ತಾಣದ ಮೂಲಕವೇ ಕಟ್ಟಿ. ಲೇಬಲ್ಲಿನ ನಾಲ್ಕೂ ಅಂಚು ಕಾಣುವ ಚಿತ್ರವನ್ನೂ, ನಾದರಂಧ್ರದ ಅಂಚಿನ ಹತ್ತಿರದ ಚಿತ್ರವನ್ನೂ, ತಯಾರಾದ ವರ್ಷ ಯಾವ ಶಕೆಯದೆಂಬ ಲಿಖಿತ ಉತ್ತರವನ್ನೂ ಮೊದಲು ತರಿಸಿಕೊಳ್ಳಿ. ತಂತಿ ಸಡಿಲಿಸಿದರೆ ಮರಕ್ಕೆ ಅಪಾಯವೆಂಬ ನೆಪ ಬಂದರೆ ವ್ಯವಹಾರವನ್ನು ಅಲ್ಲಿಗೇ ಕೈಬಿಡಿ.