ಬಾಲ್ಕನಿಯ ಹುಳ, ಕಾಂಪೌಂಡಿನ ಗಿಡ: ಹೆಸರು ಹೇಳುವ ಆ್ಯಪ್‌ಗಳನ್ನು ಎಷ್ಟು ನಂಬಬಹುದು?

ಕುಂಡದ ಕರಿಬೇವಿನ ಮೇಲೆ ಹಕ್ಕಿ ಹಿಕ್ಕೆ ಬಿದ್ದಂತೆ ಕೂತಿರುವ ಹುಳ ಬೆಂಗಳೂರಿನ ಬಹುಪಾಲು ಮನೆಗಳಲ್ಲಿ ಕಾಣಸಿಗುತ್ತದೆ. ಹೆಸರು ಹೇಳುವ ಆ್ಯಪ್‌ಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಪ್ರಶ್ನೆಪತ್ರಿಕೆ ಬೇಕಿಲ್ಲ. ಕಾಮನ್ ಮಾರ್ಮನ್ ಮತ್ತು ಲೈಮ್ ಬಟರ್‌ಫ್ಲೈ ಎಂಬ ಚಿಟ್ಟೆಗಳೆರಡೂ ಕರಿಬೇವು, ನಿಂಬೆ ಗಿಡಗಳಲ್ಲಿ ಮೊಟ್ಟೆ ಇಡುತ್ತವೆ. ಎರಡರ ಮರಿಹುಳಗಳೂ ಮೊದಲ ಹಂತಗಳಲ್ಲಿ ಕಂದು-ಬಿಳಿ ಹಿಕ್ಕೆಯ ವೇಷ ಹಾಕಿ, ಕೊನೆಯ ಹಂತದಲ್ಲಿ ಹಸಿರಾಗುತ್ತವೆ. ಚಿಕ್ಕ ಹುಳದ ಒಂದು ಫೋಟೊ ನೋಡಿ ಪ್ರಭೇದದ ಹೆಸರನ್ನು ಖಚಿತವಾಗಿ ಹೇಳುವ ಆ್ಯಪ್ ಊಹೆ ಮಾಡುತ್ತಿದೆ ಎಂದೇ ತಿಳಿಯಬೇಕು. ‘ಪ್ಯಾಪಿಲಿಯೊ’ ಎಂದು ಎರಡೂ ಸೇರುವ ಕುಲದ ಹೆಸರು ಹೇಳಿ ಅಲ್ಲೇ ನಿಲ್ಲುವ ಆ್ಯಪ್ ತನ್ನ ಕೆಲಸ ಸರಿಯಾಗಿ ಮಾಡಿದೆ. ಈ ವಿಮರ್ಶೆಯ ಅಳತೆಗೋಲು ಇದೇ: ಎಷ್ಟು ಹೆಸರು ಹೇಳುತ್ತದೆ ಎಂಬುದಲ್ಲ, ಎಲ್ಲಿ ನಿಲ್ಲಬೇಕೆಂದು ಗೊತ್ತಿದೆಯೇ ಎಂಬುದು. (ಹುಳ ಯಾವುದೆಂದು ತಿಳಿಯಲೇಬೇಕಿದ್ದರೆ ಬಿಟ್ಟು ಕಾಯಿರಿ. ಹೊರಬಂದ ಚಿಟ್ಟೆಯ ಹಿಂದಿನ ರೆಕ್ಕೆಗೆ ಬಾಲವಿದ್ದರೆ ಮಾರ್ಮನ್, ಇಲ್ಲದಿದ್ದರೆ ಲೈಮ್. ನಾಲ್ಕು ಎಲೆ ಹೋದರೆ ಸಾರಿಗೇನೂ ಕೊರತೆಯಾಗದು.)

ಈ ಅಳತೆಯಲ್ಲಿ ಐನ್ಯಾಚುರಲಿಸ್ಟ್ ಮುಂದಿದೆ. 2008ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿದ್ಯಾರ್ಥಿಗಳ ಪ್ರಾಜೆಕ್ಟ್ ಆಗಿ ಶುರುವಾದ ಇದು 2023ರಿಂದ ಸ್ವತಂತ್ರ ಲಾಭರಹಿತ ಸಂಸ್ಥೆ. ದುಡ್ಡು ಕೊಡಬೇಕಿಲ್ಲ, ಜಾಹೀರಾತಿಲ್ಲ. ಫೋಟೊ ಹಾಕಿದ ತಕ್ಷಣ ಕಂಪ್ಯೂಟರ್ ಒಂದಷ್ಟು ಹೆಸರು ಸೂಚಿಸುತ್ತದೆ. ಆಮೇಲೆ ಆ ವಿಷಯ ಬಲ್ಲ ಮನುಷ್ಯರು ಬಂದು ಸರಿ-ತಪ್ಪು ಹೇಳುತ್ತಾರೆ. ನಿಜವಾದ ಬೆಲೆ ಇರುವುದು ಈ ಎರಡನೆಯದಕ್ಕೆ. ಆದರೆ ಆ ಬಲ್ಲವರಿಗೆ ನಾವು ಏನನ್ನು ಕೊಡುತ್ತೇವೆ ಎಂಬುದರ ಮೇಲೆ ಉತ್ತರ ನಿಂತಿದೆ, ಹೆಚ್ಚಿನವರು ಎಡವುವುದೂ ಇಲ್ಲೇ.

ಮೊದಲ ತಪ್ಪು ವಾಟ್ಸ್ಆ್ಯಪ್‌ನದು. ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ‘ಇದ್ಯಾವ ಹುಳ?’ ಎಂದು ಬಂದ ಫೋಟೊವನ್ನೇ ಇಳಿಸಿಕೊಂಡು ಹಾಕಿದರೆ, ಅದರಲ್ಲಿ ತೆಗೆದ ಜಾಗವೂ ಇರುವುದಿಲ್ಲ, ಸಮಯವೂ ಇರುವುದಿಲ್ಲ. ವಾಟ್ಸ್ಆ್ಯಪ್ ಅವೆರಡನ್ನೂ ಕಿತ್ತುಹಾಕಿರುತ್ತದೆ. ಸ್ಕ್ರೀನ್‌ಶಾಟ್‌ನ ಕಥೆಯೂ ಅಷ್ಟೇ. ಜಾಗ ಗೊತ್ತಿಲ್ಲದಿದ್ದರೆ ‘ಈ ಸುತ್ತಿನಲ್ಲಿ ಇರಬಹುದಾದ’ ಜೀವಿಗಳನ್ನು ಆರಿಸುವ ಸೌಲಭ್ಯ ಕೆಲಸ ಮಾಡುವುದಿಲ್ಲ, ಅಮೆರಿಕದ ಜೀರುಂಡೆ ಜಯನಗರಕ್ಕೆ ಬಂದು ಕೂರುತ್ತದೆ. ಆದ್ದರಿಂದ ಫೋನಿನ ಕ್ಯಾಮೆರಾ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಟ್ಯಾಗ್ ಆನ್ ಮಾಡಿ, ಮೂಲ ಫೋಟೊವನ್ನೇ ಹಾಕಬೇಕು. ಬೇರೆಯವರು ತೆಗೆದದ್ದಾದರೆ ಅವರ ಕೈಯಲ್ಲೇ ಹಾಕಿಸುವುದು ಉತ್ತಮ.

ಎರಡನೆಯದು ಒಂದೇ ಫೋಟೊ ಹಾಕಿ ಸುಮ್ಮನಾಗುವುದು. ಒಂದು ದಾಖಲೆಗೆ ಹಲವು ಫೋಟೊ ಸೇರಿಸಬಹುದು. ಕೀಟಕ್ಕೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಮುಖದ್ದೊಂದು ಕನಿಷ್ಠ ಬೇಕು. ಚಿಟ್ಟೆಗೆ ರೆಕ್ಕೆಯ ಒಳಮೈ, ಹೊರಮೈ ಎರಡೂ ಬೇಕು. ಗಿಡವಾದರೆ ಎಲೆಯ ಎರಡೂ ಬದಿ, ಕಾಂಡದ ಮೇಲೆ ಎಲೆಗಳು ಎದುರುಬದುರಾಗಿವೆಯೇ ಒಂದಾದ ಮೇಲೊಂದಾಗಿವೆಯೇ ಎಂಬುದು, ತೊಗಟೆ, ಹೂವಿನ ಪಕ್ಕನೋಟ, ಕಾಯಿ. ಬರೀ ಹೂವಿನ ಕ್ಲೋಸಪ್ ನೋಡಲು ಚೆಂದ, ಗುರುತಿಸಲು ಅರೆಬರೆ. ಅಳತೆಗೆ ಪಕ್ಕದಲ್ಲಿ ಹತ್ತು ರೂಪಾಯಿ ನಾಣ್ಯವಿಟ್ಟರೆ ಸಾಕು, ಅದರ ವ್ಯಾಸ 27 ಮಿಲಿಮೀಟರ್.

ಪಕ್ಕನೋಟ ಏಕೆ ಮುಖ್ಯ ಎಂಬುದಕ್ಕೆ ಮಾವಿನ ಮರದ ಎಲೆಗಳನ್ನು ಹೆಣೆದು ಗೂಡು ಕಟ್ಟುವ ಕೆಂಪಿರುವೆಯೇ ಸಾಕ್ಷಿ. ಅದರ ನಡುವೆ, ಅದೇ ಬಣ್ಣ, ಅದೇ ಆಕಾರದಲ್ಲಿ ಓಡಾಡುವ ಜೇಡವೊಂದಿದೆ. ಮುಂಗಾಲೆರಡನ್ನು ಎತ್ತಿ ಇರುವೆಯ ಮೀಸೆಯಂತೆ ಆಡಿಸುತ್ತದೆ. ಮೇಲಿನಿಂದ ತೆಗೆದ ಮಸುಕು ಫೋಟೊದಲ್ಲಿ ಮನುಷ್ಯನೂ ಮೋಸಹೋಗುತ್ತಾನೆ, ಆ್ಯಪ್ ಕೂಡ. ಪಕ್ಕದಿಂದ ತೆಗೆದರೆ ಎಂಟು ಕಾಲು, ಮುಖದಿಂದ ತೆಗೆದರೆ ದೊಡ್ಡ ಕಣ್ಣುಗಳು ಕಂಡು ಗುಟ್ಟು ರಟ್ಟಾಗುತ್ತದೆ.

ಕಿಟಕಿಯ ಸಜ್ಜೆಯ ಕೆಳಗಿನ ಕಣಜದ ಗೂಡು ಕಂಡರೆ ಬೆಂಗಳೂರಿಗರು ಮೊದಲು ಹುಡುಕುವುದು ಪೆಸ್ಟ್ ಕಂಟ್ರೋಲ್ ನಂಬರನ್ನು. ಅದಕ್ಕೂ ಮೊದಲು ದೂರದಿಂದಲೇ ಜೂಮ್ ಮಾಡಿ ಎರಡು ಫೋಟೊ ತೆಗೆಯಿರಿ: ಒಂದು ಕಣಜದ್ದು, ಒಂದು ಗೂಡಿನದು. ಇಲ್ಲಿ ಗೂಡೇ ಅರ್ಧ ಉತ್ತರ. ಕಾಗದದಂಥ ವಸ್ತುವಿನಿಂದ ಮಾಡಿದ, ಬಾಯಿ ತೆರೆದ ಷಟ್ಕೋನದ ಕೋಣೆಗಳಿದ್ದರೆ ಅದು ಗುಂಪಾಗಿ ಬಾಳುವ ಕಾಗದದ ಕಣಜ. ಗೂಡಿಗೆ ಕೈಹಾಕಿದರೆ ಕುಟುಕುತ್ತದೆ. ಮಣ್ಣಿನ ಪುಟ್ಟ ಮಡಕೆಯೋ ಗೋಡೆಗೆ ಮೆತ್ತಿದ ಮಣ್ಣಿನ ಮುದ್ದೆಯೋ ಇದ್ದರೆ ಅದು ಒಂಟಿ ಕಣಜದ್ದು. ಒಳಗೆ ಮರಿಗೆಂದು ತುಂಬಿಟ್ಟ ಕಂಬಳಿಹುಳುಗಳೋ ಜೇಡಗಳೋ ಇರುತ್ತವೆ. ತಾಯಿ ಕಣಜ ಗೂಡನ್ನು ಕಾಯುತ್ತ ಕೂರುವುದಿಲ್ಲ, ಅದಕ್ಕೆ ಹಣ ಕೊಟ್ಟು ವಿಷ ಹೊಡೆಸುವುದು ದಂಡ. ನಗರದ ಕಾಗದದ ಕಣಜಗಳಲ್ಲಿ ರೋಪಾಲಿಡಿಯಾ ಮಾರ್ಜಿನೇಟಾ ಎಂಬುದನ್ನು ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ (ಭಾರತೀಯ ವಿಜ್ಞಾನ ಸಂಸ್ಥೆ) ರಾಘವೇಂದ್ರ ಗದಗಕರ್ ದಶಕಗಳ ಕಾಲ ಅಧ್ಯಯನ ಮಾಡಿದ್ದಾರೆ. ಹಾಗೆಂದು ಫೋಟೊ ನೋಡಿ ಆ ಪೂರ್ತಿ ಹೆಸರಿಗೆ ಹಾರಬೇಡಿ. ಆ್ಯಪ್‌ನಲ್ಲಿ ‘ರೋಪಾಲಿಡಿಯಾ’ ಎಂಬಷ್ಟಕ್ಕೆ ನಿಲ್ಲುವುದು ಕ್ಷೇಮ.

ಈಗ ಗುಂಡಿ ಒತ್ತುವ ಕ್ರಮ. ಫೋಟೊಗಳನ್ನು ಸೇರಿಸಿದ ಮೇಲೆ ಸೂಚನೆಗಳ ಪಟ್ಟಿ ಬರುತ್ತದೆ. ಮೇಲ್ಗಡೆ ‘ಇದು ಈ ಕುಲಕ್ಕೆ ಸೇರಿದ್ದು ಎಂಬ ಬಗ್ಗೆ ಸಾಕಷ್ಟು ಖಾತ್ರಿಯಿದೆ’ ಎಂಬ ಅರ್ಥದ ಸಾಲು ಇದ್ದರೆ ಅದನ್ನೇ ಆರಿಸಿ, ಕೆಳಗಿನ ಪ್ರಭೇದಗಳ ಆಸೆಗೆ ಬೀಳಬೇಡಿ. ನಂತರ ನಕ್ಷೆ ತೆರೆದು ನಿಖರತೆಯ ವೃತ್ತ ಎಷ್ಟಿದೆ ನೋಡಿ. ಎತ್ತರದ ಕಟ್ಟಡಗಳ ನಡುವೆ ಜಿಪಿಎಸ್ ಪಕ್ಕದ ರಸ್ತೆಗೆ ಜಾರುವುದುಂಟು. ಆಮೇಲೆ ಖಾಸಗಿತನದ ಆಯ್ಕೆ. ಮನೆಯಲ್ಲಿ ಕಂಡದ್ದನ್ನೆಲ್ಲ ‘ಓಪನ್’ ಎಂದು ಹಾಕುತ್ತ ಹೋದರೆ ನಿಮ್ಮ ಮನೆ ಎಲ್ಲಿದೆ ಎಂದು ಜಗತ್ತಿಗೆಲ್ಲ ಗುರುತು ಹಾಕಿಕೊಟ್ಟಂತೆ. ‘ಅಬ್‌ಸ್ಕ್ಯೂರ್ಡ್’ ಆರಿಸಿದರೆ 0.2 ಡಿಗ್ರಿ ಚೌಕದೊಳಗೆ, ಅಂದರೆ ಸುಮಾರು 22 ಕಿಲೋಮೀಟರ್ ಬದಿಯ ಚೌಕದಲ್ಲಿ, ಎಲ್ಲೋ ಒಂದು ಕಡೆ ಚುಕ್ಕಿ ಬೀಳುತ್ತದೆ. ಅಪಾಯದಲ್ಲಿರುವ ಜೀವಿಗಳ ಜಾಗವನ್ನು ಆ್ಯಪ್ ತಾನಾಗಿಯೇ ಮರೆಮಾಡುತ್ತದೆ. ಆದರೂ ಬೆಂಗಳೂರಿನಲ್ಲಿ ಇನ್ನೂ ಉಳಿದಿರುವ ಕಾಡುಪಾಪ, ಕಳ್ಳಸಾಗಣೆಗೆ ತುತ್ತಾಗುವ ನಕ್ಷತ್ರ ಆಮೆ, ಗೂಬೆಯ ಗೂಡು ಇವುಗಳ ವಿಷಯದಲ್ಲಿ ಅದನ್ನು ನೆಚ್ಚಿ ಕೂರದೆ ಕೈಯಾರೆ ಮರೆಮಾಡಬೇಕು.

ಇನ್ನೊಂದು ಗುಂಡಿಯನ್ನು ಬಹಳ ಜನ ನೋಡುವುದೇ ಇಲ್ಲ: ‘ಸಾಕಿದ್ದು ಅಥವಾ ನೆಟ್ಟದ್ದು’. ಕಬ್ಬನ್ ಪಾರ್ಕಿನ ಗುಲಾಬಿ ಟಬೂಬಿಯಾ, ರಸ್ತೆ ಬದಿಯ ಗುಲ್‌ಮೊಹರ್, ಲಾಲ್‌ಬಾಗಿನಲ್ಲಿ ನೆಟ್ಟು ಬೆಳೆಸಿದ ಮರಗಳು ಎಲ್ಲಕ್ಕೂ ಇದನ್ನು ಒತ್ತಬೇಕು. ಒತ್ತಿದ ಕೂಡಲೇ ದಾಖಲೆ ‘ಕ್ಯಾಶುವಲ್’ ವರ್ಗಕ್ಕೆ ಹೋಗುತ್ತದೆ, ಗುರುತಿಸುವವರ ಕಣ್ಣಿಗೆ ಬೀಳುವುದು ಅಪರೂಪವಾಗುತ್ತದೆ. ಮರಗಳ ಹೆಸರು ತಿಳಿಯಲೆಂದು ಬಂದ ಬೆಂಗಳೂರಿಗರಿಗೆ ಈ ಆ್ಯಪ್‌ನ ದೊಡ್ಡ ಕೊರತೆ ಇದು. ನೆಟ್ಟ ಮರಕ್ಕೆ ಗೂಗಲ್ ಲೆನ್ಸ್ ಸಾಕು. ಹೂವಿದ್ದರೆ ಅದು ಚೆನ್ನಾಗಿಯೇ ಹೇಳುತ್ತದೆ. ಹೂವಿಲ್ಲದಾಗ ಗುಲ್‌ಮೊಹರ್ ಮತ್ತು ಹಳದಿ ಹೂವಿನ ಕಾಪರ್‌ಪಾಡ್ ಎಲೆಗಳು ಯಾವ ಆ್ಯಪನ್ನೂ ಗೊಂದಲಕ್ಕೆ ಬೀಳಿಸಬಲ್ಲವು. ಕಾಯಿ ನೋಡಿ: ಕತ್ತಿಯಂತೆ ಉದ್ದವಾಗಿ, ಒಂದಡಿ ದಾಟಿ, ಗಟ್ಟಿಯಾಗಿದ್ದರೆ ಗುಲ್‌ಮೊಹರ್. ಬೆರಳುದ್ದದ, ಚಪ್ಪಟೆಯಾದ, ತಾಮ್ರದ ಬಣ್ಣದ ಕಾಯಿಯಾದರೆ ಕಾಪರ್‌ಪಾಡ್.

‘ರಿಸರ್ಚ್ ಗ್ರೇಡ್’ ಎಂಬ ಹಸಿರು ಪಟ್ಟಿಗೆ ಅತಿಯಾದ ಮರ್ಯಾದೆ ಬೇಡ. ದಿನಾಂಕ, ಜಾಗ, ಫೋಟೊ ಅಥವಾ ಧ್ವನಿ ಇದ್ದು, ಕನಿಷ್ಠ ಇಬ್ಬರು ಹೆಸರು ಹೇಳಿ, ಹೇಳಿದವರಲ್ಲಿ ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಜನ ಪ್ರಭೇದದ ಮಟ್ಟದಲ್ಲಿ ಒಪ್ಪಿದರೆ ಅದು ಸಿಗುತ್ತದೆ. ಅಂದರೆ ನೀವು ಆ್ಯಪ್‌ನ ಊಹೆಯನ್ನು ಒಪ್ಪಿ, ಇನ್ನೊಬ್ಬರು ನಿಮ್ಮನ್ನು ಒಪ್ಪಿದರೆ ಮುಗಿಯಿತು. ಯಾರೋ ಹೆಸರು ಹೇಳಿದ್ದಕ್ಕೆ ಥ್ಯಾಂಕ್ಸ್ ಹೇಳುವ ಹಾಗೆ ‘ಅಗ್ರೀ’ ಒತ್ತುವ ಚಟ ಇದರಲ್ಲಿ ಬಹಳ ಹಾನಿ ಮಾಡುತ್ತದೆ. ಲೈಸೆನ್ಸ್ ಅನುಮತಿಸಿದರೆ ಈ ದಾಖಲೆಗಳು ಜಿಬಿಐಎಫ್ ಎಂಬ ಜಾಗತಿಕ ದತ್ತಾಂಶಕ್ಕೆ ಹೋಗುತ್ತವೆ. ಹೇಗೆ ಗುರುತಿಸಿದರೆಂದು ಕಾಮೆಂಟಿನಲ್ಲಿ ಕೇಳಿ, ಉತ್ತರ ತಿಳಿದ ಮೇಲೆ ಒಪ್ಪುವುದು ಕ್ರಮ.

ಕಂಪ್ಯೂಟರ್‌ಗೆ ಕಲಿಸಿರುವ ಹೆಸರುಗಳನ್ನಷ್ಟೇ ಅದು ಹೇಳಬಲ್ಲದು. ನಗರದಂಚಿನ ರಾಜಾನುಕುಂಟೆಯಲ್ಲಿ ಸಿಕ್ಕ ಬಿಲಗಪ್ಪೆಯೊಂದಕ್ಕೆ ಸ್ಫೀರೋಥೀಕಾ ಬೆಂಗಳೂರು ಎಂದು ಹೆಸರಿಟ್ಟದ್ದು 2020ರಲ್ಲಿ. ಮಳೆಗೆ ಹೊರಬರುವ ಈ ದುಂಡನೆಯ ಕಪ್ಪೆಗಳು ಒಂದನ್ನೊಂದು ಹೋಲುತ್ತವೆ. ಇಂಥದ್ದನ್ನು ಫೋಟೊದಲ್ಲೇ ಪ್ರಭೇದಕ್ಕೆ ಇಳಿಸುವ ಆ್ಯಪ್‌ನ ಧೈರ್ಯವನ್ನು ಮೆಚ್ಚಬಹುದು, ಮಾತನ್ನು ನಂಬಬಾರದು. ಮನೆಯ ಹಲ್ಲಿಗೂ ಇದೇ ಮಾತು. ಬಾಲದ ಮುಳ್ಳುಗಳು, ಬೆರಳಿನ ಕೆಳಮೈ ಕಾಣದೆ ಹಲ್ಲಿಗೆ ಹೆಸರಿಡುವುದು ಕಷ್ಟ.

ಮಕ್ಕಳ ಕೈಗೆ ಕೊಡುವುದಾದರೆ ಸೀಕ್. ಐನ್ಯಾಚುರಲಿಸ್ಟ್ ಸಂಸ್ಥೆಯದೇ. ಖಾತೆ ಬೇಡ, ಇಂಟರ್‌ನೆಟ್ ಇಲ್ಲದೆಯೂ ಗುರುತಿಸುತ್ತದೆ. ಕ್ಯಾಮೆರಾ ಹಿಡಿದಂತೆ ತೆರೆಯ ಮೇಲೆ ಚುಕ್ಕಿಗಳು ಒಂದೊಂದಾಗಿ ತುಂಬುತ್ತ ಪ್ರಾಣಿ, ಕೀಟ, ಕುಟುಂಬ, ಕುಲ ಎಂದು ಇಳಿಯುತ್ತವೆ. ಎಲ್ಲಿ ನಿಲ್ಲುತ್ತದೋ ಅಲ್ಲಿಯವರೆಗಷ್ಟೇ ಅದಕ್ಕೆ ಗೊತ್ತು ಎಂಬುದು ಕಣ್ಣೆದುರಿಗೇ ಕಾಣುವುದರಿಂದ ಮಗುವಿಗೆ ವರ್ಗೀಕರಣ ಪಾಠವಿಲ್ಲದೆ ಅರ್ಥವಾಗುತ್ತದೆ. ಕೈ ನಡುಗಿದರೆ ಚುಕ್ಕಿಗಳು ಹಿಂದೆ-ಮುಂದೆ ಓಡುತ್ತವೆ. ಮೊದಲು ಸ್ಥಿರವಾದ ಫೋಟೊ ತೆಗೆದು ಆಮೇಲೆ ತೋರಿಸುವುದು ಲೇಸು. ಆದರೆ ಇಲ್ಲಿ ತಿದ್ದುವ ಮನುಷ್ಯರಿಲ್ಲ.

ಹಕ್ಕಿಗೆ ಮರ್ಲಿನ್, ಅದರಲ್ಲೂ ಧ್ವನಿಗೆ. ಕಾರ್ನೆಲ್ ಪಕ್ಷಿವಿಜ್ಞಾನ ಪ್ರಯೋಗಾಲಯದ ಈ ಆ್ಯಪ್ ಕೂಡ ಉಚಿತ. ಮನೆಯ ವೈಫೈನಲ್ಲೇ ಭಾರತದ ಹಕ್ಕಿಗಳ ಪ್ಯಾಕ್ ಇಳಿಸಿಕೊಂಡರೆ ಹೊರಗೆ ನೆಟ್ ಬೇಡ. ಕೋಗಿಲೆ, ಕುಟ್ರುಹಕ್ಕಿ, ಮಡಿವಾಳ ಹಕ್ಕಿಗಳಿಗೆ ಇದು ಬೇಕಾಗದು. ಚಳಿಗಾಲಕ್ಕೆ ಬರುವ ಗ್ರೀನಿಶ್ ವಾರ್ಬ್ಲರ್‌ನಂಥ ಉಲಿಯಕ್ಕಿಗಳು ಎಲೆಗಳ ನಡುವೆ ಕಾಣುವುದೂ ಕಷ್ಟ, ಕಂಡರೆ ಗುರುತಿಸುವುದೂ ಕಷ್ಟ. ಕೂಗಿನಿಂದ ಸುಲಭ, ಮರ್ಲಿನ್‌ನ ನಿಜವಾದ ಉಪಯೋಗ ಅಲ್ಲಿ. ಬೆಳಗ್ಗೆ ಆರೂವರೆಯೊಳಗೆ, ಹಾರ್ನ್ ಶುರುವಾಗುವ ಮುನ್ನ, ಫೋನಿನ ಮೈಕನ್ನು ಮರದ ಕಡೆ ತಿರುಗಿಸಿ ಒಂದು ನಿಮಿಷ ಅಲುಗಾಡದೆ ಹಿಡಿಯಿರಿ. ಒಮ್ಮೆ ಮಾತ್ರ ಮಿಂಚಿ ಮರೆಯಾದ ಹೆಸರನ್ನು ಲೆಕ್ಕಕ್ಕೆ ಇಡಬೇಡಿ. ಅಳಿಲಿನ ಕಿಚಕಿಚವೋ, ಬೇರೆ ಹಕ್ಕಿಗಳನ್ನು ಅಣಕಿಸುವ ಕಾಜಾಣದ ಆಟವೋ ಇರಬಹುದು.

ಯಾವ ಆ್ಯಪನ್ನೂ ತೆರೆಯಬಾರದ ಜಾಗಗಳೂ ಇವೆ. ಹಾವು ಮೊದಲನೆಯದು. ವಿಷವಿಲ್ಲದ ತೋಳಹಾವು ಮತ್ತು ಕಟ್ಟುಹಾವು ಎರಡಕ್ಕೂ ಕಪ್ಪು-ಕಂದು ಮೈ, ಬಿಳಿ ಪಟ್ಟೆ. ತೋಳಹಾವಿನ ಪಟ್ಟೆಗಳು ಸಾಮಾನ್ಯವಾಗಿ ಕುತ್ತಿಗೆಯ ಬಳಿ ಎದ್ದು ಕಂಡು ಬಾಲದತ್ತ ಮಾಸುತ್ತವೆ. ಕಟ್ಟುಹಾವಿನಲ್ಲಿ ತಲೆಯಿಂದ ಸ್ವಲ್ಪ ಹಿಂದೆ ಶುರುವಾಗಿ ಬಾಲದತ್ತ ಸ್ಪಷ್ಟವಾಗುತ್ತವೆ, ಬೆನ್ನಿನ ನಡುಸಾಲಿನ ಹುರುಪೆಗಳು ಅಗಲವಾಗಿ ಆರು ಮೂಲೆಯವಾಗಿರುತ್ತವೆ. ಇದನ್ನು ನೋಡಲು ಬೇಕಾದಷ್ಟು ಹತ್ತಿರ ಹೋಗುವುದೇ ಮೂರ್ಖತನ, ಮರಿಗಳಲ್ಲಂತೂ ಈ ಲಕ್ಷಣಗಳೂ ಕೈಕೊಡುತ್ತವೆ. ಕಚ್ಚಿದ್ದರೆ ಫೋಟೊಗಾಗಿ ಒಂದು ನಿಮಿಷವನ್ನೂ ಕಳೆಯಬೇಡಿ, 108ಕ್ಕೆ ಕರೆ ಮಾಡಿ. ನಮ್ಮಲ್ಲಿ ಕೊಡುವ ಪ್ರತಿವಿಷ ನಾಗರ, ಕಟ್ಟುಹಾವು, ಮಂಡಲ, ಗರಗಸ ಮಂಡಲ ನಾಲ್ಕಕ್ಕೂ ಒಂದೇ. ವೈದ್ಯರು ನೋಡುವುದು ಲಕ್ಷಣಗಳನ್ನು, ರಕ್ತ ಹೆಪ್ಪುಗಟ್ಟುತ್ತದೆಯೇ ಎಂಬುದನ್ನು.

ತಿನ್ನುವ ವಿಷಯ ಎರಡನೆಯದು. ಹುಲ್ಲುಹಾಸಿನ ಮೇಲೆ ಮಳೆಯ ನಂತರ ಏಳುವ ದೊಡ್ಡ ಬಿಳಿ ಅಣಬೆಗಳಲ್ಲಿ ಕ್ಲೋರೋಫಿಲಮ್ ಮಾಲಿಬ್ಡೈಟಿಸ್ ಎಂಬ ವಿಷದ್ದೂ ಇರುತ್ತದೆ. ಬೆಳೆದಾಗ ಅದರ ಬೀಜಕಣ ಹಸಿರು, ಎಳೆಯದರಲ್ಲಿ ಅದು ಕಾಣದು. ಅಮೃತಬಳ್ಳಿಯ ಹೆಸರಿನಲ್ಲಿ ಅದರದೇ ಕುಲದ, ಕಾಂಡದ ತುಂಬ ಗಂಟುಗಂಟಾದ ಬೇರೆ ಬಳ್ಳಿಯನ್ನು ಕಷಾಯಕ್ಕೆ ಹಾಕುವ ಅಪಾಯವೂ ಇದೆ. ಎಲೆಯ ಫೋಟೊ ಒಂದನ್ನೇ ನೋಡುವ ಆ್ಯಪ್‌ಗೆ ಎರಡೂ ಹೃದಯದಾಕಾರವೇ.

ಈ ಆ್ಯಪ್‌ಗಳ ಜೊತೆಗೆ ಕೊಳ್ಳಬಹುದಾದ ಒಂದೇ ವಸ್ತು ಫೋನಿಗೆ ಸಿಕ್ಕಿಸುವ ಮ್ಯಾಕ್ರೊ ಲೆನ್ಸ್. 10 ಪಟ್ಟಿನದು ಸಾಕು, ಅದರಲ್ಲಿ ಕೀಟಕ್ಕೂ ಲೆನ್ಸಿಗೂ ಎರಡೂವರೆ ಸೆಂಟಿಮೀಟರ್ ಅಂತರ ಸಿಗುತ್ತದೆ. ಪಟ್ಟು ಹೆಚ್ಚಿದಷ್ಟೂ ಅಂತರ ಕಿರಿದಾಗಿ, ಫೋನಿನ ನೆರಳು ಬಿದ್ದು, ಹುಳ ಹಾರಿಹೋಗುತ್ತದೆ. ಮೂರು ಕ್ಯಾಮೆರಾದ ಫೋನುಗಳಲ್ಲಿ ಇನ್ನೊಂದು ತೊಡಕಿದೆ: ಹತ್ತಿರ ಹೋದ ಕೂಡಲೇ ಫೋನ್ ತಾನಾಗಿ ಅಲ್ಟ್ರಾವೈಡ್‌ಗೆ ಬದಲಾಗುತ್ತದೆ, ಲೆನ್ಸ್ ಮಾತ್ರ ಮುಖ್ಯ ಕ್ಯಾಮೆರಾದ ಮೇಲೇ ಉಳಿಯುತ್ತದೆ. ಆಟೊ ಮ್ಯಾಕ್ರೊ ಆಫ್ ಮಾಡಿ, ದಪ್ಪ ಕವರ್ ತೆಗೆದು, ಲೆನ್ಸನ್ನು ಮುಖ್ಯ ಕ್ಯಾಮೆರಾದ ನಟ್ಟನಡುವೆ ಕೂರಿಸಿ. ಕೀಟಗಳು ಇನ್ನೂ ಚಳಿಗೆ ಮರಗಟ್ಟಿರುವ ಮುಂಜಾನೆಯೇ ಇದಕ್ಕೆ ಸರಿಯಾದ ಹೊತ್ತು.