ಅಂಗೈಯಗಲದ ಎಲ್‌ಇಡಿ ಪ್ಯಾನೆಲ್: ಸುರಂಗದೊಳಗೆ ಎರಡು ವರ್ಷ ಬಳಸಿದ ಮೇಲೆ

ವಸ್ತು: 12 ವ್ಯಾಟ್‌ನ, ಒಳಗೇ ಬ್ಯಾಟರಿ ಇರುವ, 2500ರಿಂದ 8500 ಕೆಲ್ವಿನ್‌ವರೆಗೆ (ಹಳದಿಯಿಂದ ನೀಲಿಬಿಳಿಗೆ) ಬಣ್ಣ ಬದಲಿಸುವ ಪುಟ್ಟ ಪ್ಯಾನೆಲ್. ಒಂದೇ ಅಚ್ಚಿನ ಮಾಲು ನಾಲ್ಕಾರು ಹೆಸರಿನಲ್ಲಿ ಸಿಗುವುದರಿಂದ ಕಂಪನಿಯ ಹೆಸರು ಹಾಕಿಲ್ಲ. ಬಳಕೆ: ಕಾಸರಗೋಡಿನ ಬಾಯಾರು, ಪೈವಳಿಕೆ, ಪೆರ್ಲ ಕಡೆಯ ನೀರಿನ ಸುರಂಗಗಳಲ್ಲಿ (ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಕಿರಿದಾದ ಬಿಲಗಳು) ರಾತ್ರಿ ಫೋಟೋ. ಐದಕ್ಕೆ ಮೂರೂವರೆ ಸ್ಟಾರ್. ಕಡಿಮೆಯಾದ ಒಂದೂವರೆಯಲ್ಲಿ ಒಂದು ಚಾರ್ಜಿಂಗ್ ಪೋರ್ಟಿನ ಪಾಪಕ್ಕೆ.

ಪೆಟ್ಟಿಗೆ ಮೇಲೆ ದೊಡ್ಡಕ್ಷರದಲ್ಲಿರುವುದು ಗರಿಷ್ಠ ಬೆಳಕು. ಸುರಂಗದಲ್ಲಿ ಅದರ ಉಪಯೋಗ ಇಲ್ಲವೆಂದೇ ಹೇಳಬೇಕು. ಎರಡಡಿ ಅಗಲ, ಆಳೆತ್ತರ, ಗೋಡೆ ಲೆನ್ಸಿನಿಂದ ಒಂದಡಿ ದೂರ. ಪ್ಯಾನೆಲನ್ನು ಕ್ಯಾಮೆರಾ ಪಕ್ಕ ಹಿಡಿದರೆ 30 ಸೆಂ.ಮೀ. ದೂರದ ಕಲ್ಲಿಗೂ 3 ಮೀಟರ್ ದೂರದ ಕಲ್ಲಿಗೂ ಬೀಳುವ ಬೆಳಕಿನಲ್ಲಿ ಹೆಚ್ಚುಕಡಿಮೆ ನೂರು ಪಟ್ಟು ಅಂತರ; ಎದುರಿನದು ಸುಣ್ಣ, ಹಿಂದಿನದು ಮಸಿ. ಅದರ ಬದಲು ನಾಲ್ಕೈದು ಮೀಟರ್ ಮುಂದೆ, ತಿರುವಿನ ಆಚೆಗೆ ಅಥವಾ ಗೋಡೆಯ ಪೊಟರೆಯಲ್ಲಿ ಶೇ. 5ಕ್ಕೆ ಇಡಿ. ಆಗ ನೆಲದ ನೀರು ಮಿನುಗುತ್ತದೆ, ಪಿಕ್ಕಾಸಿನ ಒಂದೊಂದು ಕಚ್ಚೂ ನೆರಳು ಹೊತ್ತು ಎದ್ದು ಕಾಣುತ್ತದೆ. ಶೇ. 1ರವರೆಗೆ ಇಳಿಯದ ಪ್ಯಾನೆಲ್ ಈ ಕೆಲಸಕ್ಕೆ ಬೇಡ.

ಬಣ್ಣದಲ್ಲಿ ಪೂರ್ತಿ ಅಂಕ. ಸಾಮಾನ್ಯ ಬಿಳಿ ಟಾರ್ಚಿನ ಬೆಳಕಿನಲ್ಲಿ ಕಡುಗೆಂಪು ಅಂಶ ಕಡಿಮೆ, ಹಾಗಾಗಿ ಸುರಂಗದ ಮುರಕಲ್ಲು (ಕೆಂಪು ಜಂಬಿಟ್ಟಿಗೆ) ಒಣಗಿದ ಸೆಗಣಿಯಂತೆ ಕಾಣುತ್ತದೆ. ಇದರಲ್ಲಿ ಕೆಂಪು ಕೆಂಪಾಗಿಯೇ, ನಡುವಿನ ಶೇಡಿ ಮಣ್ಣಿನ (ಮೆತ್ತನೆಯ ಬಿಳಿ ಜೇಡಿ) ಪಟ್ಟಿ ಬೆಳ್ಳಗೇ ಬರುತ್ತದೆ. ಪ್ಯಾನೆಲ್ 4000 ಕೆಲ್ವಿನ್, ಕ್ಯಾಮೆರಾ ವೈಟ್ ಬ್ಯಾಲೆನ್ಸ್ (ಬಿಳಿ ಯಾವುದೆಂದು ಕ್ಯಾಮೆರಾಕ್ಕೆ ಹೇಳುವ ಸೆಟ್ಟಿಂಗ್) ಕೂಡ 4000. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಕೆಂಪನ್ನೆಲ್ಲ ತೊಳೆದು ಬೂದಿ ಮಾಡುತ್ತದೆ.

ಫುಲ್‌ಫ್ರೇಮ್‌ನಲ್ಲಿ 16 ಎಂಎಂ ಲೆನ್ಸ್, ಚಿತ್ರ ಎತ್ತರಕ್ಕೆ ಬರುವಂತೆ ಕ್ಯಾಮೆರಾ ನಿಲ್ಲಿಸಿ ಎಫ್/11 (ಲೆನ್ಸಿನ ಕಂಡಿ ಕಿರಿದು), ಫೋಕಸ್ 80 ಸೆಂ.ಮೀ.ಗೆ. ಆಗ 40 ಸೆಂ.ಮೀ.ನಿಂದ ಆಚೆಗೆಲ್ಲ ಸ್ಪಷ್ಟ. ಎಫ್/8 ಸಾಕೆಂದು ಸಮಯ ಉಳಿಸಹೋದರೆ ಫ್ರೇಮಿನ ಅಂಚಿನ ಗೋಡೆ ಮಸುಕಾಗುತ್ತದೆ. ಶೇ. 5 ಬೆಳಕಿಗೆ ಐಎಸ್‌ಒ 400, 30 ಸೆಕೆಂಡು. ಚಿತ್ರದಲ್ಲಿ ಹೊಗೆಯಂತೆ ಏನೋ ಬಂದರೆ ಅದು ನಿಮ್ಮದೇ ಉಸಿರು: ಶಟರ್ ತೆರೆದಿರುವಾಗ ಟ್ರೈಪಾಡ್ ಹಿಂದೆ ನಿಂತು ಮುಖ ತಿರುಗಿಸಿ. ಎಸಿ ಕಾರಿನಿಂದ ಇಳಿದು ನೇರ ಒಳಹೋದರೆ ಲೆನ್ಸ್ ಬೆವರುತ್ತದೆ. ಜಿಪ್ ಕವರಿನಲ್ಲಿ 20 ನಿಮಿಷ ಇಟ್ಟು ತೆಗೆಯಿರಿ.

ಪ್ಯಾನೆಲಿನ ಬೆನ್ನಿನ ಮ್ಯಾಗ್ನೆಟ್ ಇದ್ದೂ ದಂಡ. ಮುರಕಲ್ಲಿನಲ್ಲಿ ಕಬ್ಬಿಣ ಎಷ್ಟಿದ್ದರೂ ಅದು ತುಕ್ಕಿನ ರೂಪದಲ್ಲಿದೆ, ಅಂಟುವುದಿಲ್ಲ. ಇನ್ನೊಂದು ತೊಂದರೆ: ಸ್ವಿಚ್ ಒತ್ತಿ ಎರಡು ಸೆಕೆಂಡು ಬಿಟ್ಟು ಬೆಳಕು ಹತ್ತುತ್ತದೆ. ಸುರಂಗದ ಬಾಯಿ ಮತ್ತು ಮೇಲಿನ ನಕ್ಷತ್ರ ಒಂದೇ ಫ್ರೇಮಿನಲ್ಲಿ ಬೇಕಾದಾಗ ಇದು ಕಾಡುತ್ತದೆ. ಅಲ್ಲಿ ಐಎಸ್‌ಒ 3200, ಎಫ್/2.8, 20 ಸೆಕೆಂಡು, ಶೇ. 1 ಬೆಳಕೂ ಆ 20ರಲ್ಲಿ ಒಂದೇ ಸೆಕೆಂಡು ಸಾಕು. ಉಪಾಯ: ಪ್ಯಾನೆಲ್ ಹತ್ತಿಸಿಯೇ ಇಟ್ಟು ಮೇಲೆ ಮುಟ್ಟಾಳೆ ಕವುಚಿ. ಶಟರ್ ತೆರೆದ ಮೇಲೆ ಮುಟ್ಟಾಳೆಯನ್ನು ಒಂದು ಸೆಕೆಂಡು ಎತ್ತಿ ಮತ್ತೆ ಮುಚ್ಚಿ. ಸಾವಿರಾರು ರೂಪಾಯಿಯ ಯಾವ ಬಿಡಿಭಾಗವೂ ಅಡಿಕೆ ಹಾಳೆಯ ಈ ಟೊಪ್ಪಿಯಷ್ಟು ಚೆನ್ನಾಗಿ ಬೆಳಕು ತಡೆಯಲಿಲ್ಲ. ಆಕಾಶಗಂಗೆಯ ನಡುಭಾಗ ಬೇಕಿದ್ದರೆ ಫೆಬ್ರವರಿ, ಮಾರ್ಚಿನ ಅಮಾವಾಸ್ಯೆಯ ಆಸುಪಾಸು, ಬೆಳಗಿನ ಜಾವ, ಆಗ್ನೇಯಕ್ಕೆ ತೆರೆದ ಜಾಗ. ತೋಟದ ನಡುವೆ ನಿಂತರೆ ಅಡಿಕೆ ಮರದ ತಲೆಗಳಷ್ಟೇ ಸಿಗುತ್ತವೆ.

ಸುರಂಗ ಮನೆಯವರ ಕುಡಿಯುವ ನೀರು. ಕೇಳದೆ ಹೋಗಬೇಡಿ, ಚಪ್ಪಲಿ ಹಾಕಿ ಇಳಿಯಬೇಡಿ. ಸಂಜೆ ಅವರು ಟ್ಯಾಂಕಿ ತುಂಬಿಸಿಕೊಂಡ ಮೇಲೆ ಹೋದರೆ ಬೆಳಗಾಗುವಾಗ ನೀರು ತಿಳಿಯಾಗಿರುತ್ತದೆ. “ನೀರು ಕಲಂಕಿದರೆ ನಾಳೆ ಕಾಪಿಗೂ ಇಲ್ಲ ಮಾರಾಯ್ರೆ” ಎಂದು ಅವರು ಅನ್ನುವುದು ತಮಾಷೆಯ ಮಾತಲ್ಲ. ಮಳೆಗಾಲದಲ್ಲಿ ಶೇಡಿ ಪದರ ನೆನೆದು ಕುಸಿಯುತ್ತದೆ, ಆಗ ಒಳಗೆ ಕಾಲಿಡಲೇಬಾರದು. ಈ ಪ್ಯಾನೆಲನ್ನೇ ದಾರಿದೀಪ ಮಾಡಿಕೊಳ್ಳದೆ ತಲೆದೀಪ ಬೇರೆ ಇಟ್ಟುಕೊಳ್ಳಿ, ಜತೆಗೊಂದು ಮೋಂಬತ್ತಿ. ಮೋಂಬತ್ತಿ ಮಂಕಾದರೆ ಆಮ್ಲಜನಕ ಕಡಿಮೆಯಾಗಿದೆ ಅಂತ ಅರ್ಥ, ಆ ಕ್ಷಣವೇ ಹೊರಗೆ. ಬಾವಲಿಗಳು ನೇತಾಡುತ್ತಿದ್ದರೆ ಅಲ್ಲಿ ಬೆಳಕು ಹಚ್ಚದೆ ಹಿಂದೆ ಬನ್ನಿ.

ಬ್ಯಾಟರಿ ಹೊಸದರಲ್ಲಿ ಪೂರ್ಣ ಬೆಳಕಿಗೆ 70 ನಿಮಿಷ ಬರುತ್ತಿತ್ತು, ಈಗ 50. ಶೇ. 5ರಲ್ಲಿ ಒಂದು ರಾತ್ರಿಗೆ ಧಾರಾಳ. ಮಳೆಗಾಲಕ್ಕೆ ಎತ್ತಿಡುವಾಗ ಅರ್ಧ ಚಾರ್ಜಿನಲ್ಲಿ ಇಡಿ. ಪೂರ್ತಿ ತುಂಬಿಸಿಯೋ ಖಾಲಿ ಮಾಡಿಯೋ ಇಟ್ಟರೆ ಬೇಗ ಸಾಯುತ್ತದೆ. ಸೆಲ್ ಗಮ್ಮಿನಲ್ಲಿ ಅಂಟಿಸಿದ್ದಾರೆ, ಸುಲಭಕ್ಕೆ ಬದಲಿಸಲಾಗದು.

ಇನ್ನು ಪೋರ್ಟ್. ಮುಚ್ಚಳವೇ ಇಲ್ಲ. ಸುರಂಗದ ತೇವಕ್ಕೆ ಎಂಟೇ ತಿಂಗಳಲ್ಲಿ ಒಳಗಿನ ಪಿನ್ನುಗಳಿಗೆ ಹಸಿರು ಕಿಲುಬು ಹಿಡಿದು ಚಾರ್ಜ್ ನಿಂತುಹೋಯಿತು. 99 ಶೇಕಡಾ ಐಸೊಪ್ರೊಪೈಲ್ ಆಲ್ಕೊಹಾಲ್ ಎರಡು ಹನಿ, ಮೆತ್ತನೆಯ ಬ್ರಶ್, ಅರ್ಧ ಗಂಟೆ ಒಣಗಲು ಬಿಟ್ಟು ಚಾರ್ಜರ್ ಚುಚ್ಚಿದಾಗ ಮತ್ತೆ ಹಿಡಿಯಿತು. ಅಂದಿನಿಂದ ಸೈಕಲ್ ಟ್ಯೂಬಿನ ಎರಡು ಬೆರಳಗಲದ ಉಂಗುರ ಕತ್ತರಿಸಿ ಪೋರ್ಟಿನ ಮೇಲೆ ಬಿಗಿಯಾಗಿ ತೊಡಿಸಿಟ್ಟಿದೆ. ಹೊರಬಂದ ಕೂಡಲೇ ಅದನ್ನು ತೆಗೆಯಬೇಕು, ಇಲ್ಲವಾದರೆ ಒಳಸೇರಿದ ತೇವ ಅಲ್ಲೇ ಕೂರುತ್ತದೆ.